ಲಾರಿ ಸ್ಟೀರಿಂಗ್, ಪೆಡಲ್, ಕಾರ್ಡ್ ರೀಡರ್: ಪೈಗೇಮ್‌ನಲ್ಲಿ ಇವುಗಳ ಈವೆಂಟ್ ಹಿಡಿಯೋದು ಹೇಗೆ?

ಹೇಮಾವತಿ_ದಡ (ಹಾಸನ)
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಒಂದು ಪ್ರದರ್ಶನದ ಮಳಿಗೆಗೆ ಶಿರಾಡಿ ಘಾಟಿಯಲ್ಲಿ ಲಾರಿ ಇಳಿಸೋ ಆಟ ತಯಾರಾಗ್ತಿದೆ. ಸಕಲೇಶಪುರ ಬಿಟ್ಟು ಗುಂಡ್ಯ ಮುಟ್ಟೋವರೆಗೆ ಇಳಿಜಾರು, ಮಳೆ, ತಿರುವಿನಲ್ಲಿ ಎದುರಿಗೆ ಬರೋ ಟ್ಯಾಂಕರ್. ಬರೆದಿರೋದು ಪೈಗೇಮ್ 2ರಲ್ಲಿ (ಪೈಥಾನ್‌ನಲ್ಲಿ ಆಟ ಬರೆಯೋ ಲೈಬ್ರರಿ). ಆಡೋರ ಕೈಗೆ ಕೀಬೋರ್ಡ್ ಕೊಡಲ್ಲ. ಗುಜರಿ ಅಂಗಡಿಯ ಲಾರಿ ಸ್ಟೀರಿಂಗ್, ಮೂರು ಪೆಡಲ್, ಹಾರನ್ ಬಟನ್, ಆಟಗಾರರನ್ನ ಗುರುತಿಸೋಕೆ 125 ಕಿಲೋಹರ್ಟ್ಸ್‌ನ ಯುಎಸ್‌ಬಿ ಕಾರ್ಡ್ ರೀಡರ್, ಇಷ್ಟೇ.

ಸ್ಟೀರಿಂಗ್‌ಗೆ ಹತ್ತು ಸುತ್ತಿನ 10ಕೆ ಪಾಟ್ (ತಿರುಗಿಸಿದಷ್ಟು ವೋಲ್ಟೇಜ್ ಬದಲಿಸೋ ಪೊಟೆನ್ಶಿಯೊಮೀಟರ್), ಪೆಡಲ್‌ಗಳಿಗೆ ಸಾದಾ ಬಿ10ಕೆ ಪಾಟ್. ಎಲ್ಲ ಒಂದೇ ಆರ್ಡುಯಿನೊ ಲಿಯೊನಾರ್ಡೊ ಬೋರ್ಡ್‌ಗೆ ಹೋಗಿ, ಅಲ್ಲಿಂದ ಜಾಯ್‌ಸ್ಟಿಕ್ ಆಗಿ ಲ್ಯಾಪ್‌ಟಾಪ್‌ಗೆ. ಕೋಡ್ ಬರೆಯೋದು ಉಬುಂಟುವಿನಲ್ಲಿ, ಮಳಿಗೆಯಲ್ಲಿ ಓಡೋದು ವಿಂಡೋಸ್‌ನಲ್ಲಿ.

ತೊಂದರೆ ನಾಲ್ಕು. ಆಟ ಶುರುವಾದ ಕೂಡಲೇ ಯಾರೂ ಆಕ್ಸಿಲರೇಟರ್ ಮುಟ್ಟದಿದ್ರೂ ಲಾರಿ ಅರ್ಧ ವೇಗದಲ್ಲಿ ಹೊರಡುತ್ತೆ, ಪೆಡಲ್ ಒಂದು ಸಲ ತುಳಿದು ಬಿಟ್ರೆ ಸರಿಹೋಗುತ್ತೆ. ಯುಎಸ್‌ಬಿ ವೈರ್ ಕಿತ್ತು ಮತ್ತೆ ಹಾಕಿದ್ರೆ ಈವೆಂಟ್ (ಒತ್ತಿದ್ದು, ತಿರುಗಿಸಿದ್ದು ಅಂತ ಸಾಧನದಿಂದ ಬರೋ ಸುದ್ದಿ) ಬರೋದೇ ನಿಲ್ಲುತ್ತೆ. ಕಾರ್ಡ್ ತೋರಿಸಿದ್ರೆ ಅದರ ಅಂಕಿಗಳು ಆಟದ ಶಾರ್ಟ್‌ಕಟ್ ಕೀಗಳನ್ನೆಲ್ಲ ಒತ್ತಿಬಿಡುತ್ತೆ, ಕೊನೆಗೆ ಎಂಟರ್ ಬಿದ್ದು ಮೆನು ತೆರೆದುಕೊಳ್ಳುತ್ತೆ. ಇನ್ನು ಸ್ಟೀರಿಂಗ್ ಬಿಟ್ಟು ಕೂತರೂ ಲಾರಿಯ ಮೂತಿ ನಡುಗ್ತಾನೇ ಇರುತ್ತೆ. ಎಲ್ಲಿಂದ ಹಿಡೀಲಿ?

ಟರ್ಮಿನಲ್_ಭಟ್ಟ
ಮೊದಲು ಆಟವನ್ನ ಬದಿಗಿಡಿ. ವಿಂಡೋ ತೆರೆದು, ಬರೋ ಈವೆಂಟ್‌ಗಳನ್ನೆಲ್ಲ ಪ್ರಿಂಟ್ ಮಾಡೋ ಹತ್ತು ಸಾಲಿನ ಪ್ರೋಗ್ರಾಂ ಬರೀರಿ. ಉಬುಂಟುವಿನಲ್ಲಿ ಅದಕ್ಕೂ ಮುಂಚೆ ಇವಿಟೆಸ್ಟ್ ಹಾಕಿ ನೋಡಿ, ಕರ್ನಲ್‌ಗೆ ಏನು ಕಾಣ್ತಿದೆ ಅಂತ ಗೊತ್ತಾಗುತ್ತೆ. ಇವಿಟೆಸ್ಟ್‌ನಲ್ಲೇ ಅಂಕಿ ನಡುಗಿದ್ರೆ ತಪ್ಪು ತಂತಿಯಲ್ಲಿದೆ. ಅಲ್ಲಿ ಸರಿ ಇದ್ದು ಪೈಗೇಮ್‌ನಲ್ಲಿ ಕೆಟ್ಟರೆ ತಪ್ಪು ಕೋಡಿನಲ್ಲಿದೆ. ಈ ಎರಡನ್ನ ಬೇರೆ ಮಾಡದೆ ಮುಂದೆ ಹೋಗಲೇಬೇಡಿ.

ಪಿಕ್ಸೆಲ್_ಗೌಡ್ತಿ
ಮೊದಲನೇ ತೊಂದರೆ ಪೆಡಲ್ ಇರೋ ಎಲ್ಲ ಆಟದಲ್ಲೂ ಬರುತ್ತೆ. ಪೈಗೇಮ್‌ನಲ್ಲಿ ಆಕ್ಸಿಸ್‌ನ (ಸ್ಟೀರಿಂಗ್, ಪೆಡಲ್ ಥರ ಸ್ವಲ್ಪ ಸ್ವಲ್ಪವಾಗಿ ಬದಲಾಗೋದು) ಬೆಲೆ -1.0ರಿಂದ 1.0ವರೆಗೆ, ಪೈಗೇಮ್‌ನ ಕೆಳಗೆ ಕೆಲಸ ಮಾಡೋ ಎಸ್‌ಡಿಎಲ್ ಲೈಬ್ರರಿಯಲ್ಲಿ ಅದು -32768ರಿಂದ 32767. ಪೆಡಲ್ ಬಿಟ್ಟಾಗ -1, ಪೂರ್ತಿ ತುಳಿದಾಗ 1. ಆದರೆ ಸಾಧನದಿಂದ ಮೊದಲ ವರದಿ ಬರೋ ತನಕ ಲೈಬ್ರರಿಗೆ ಪೆಡಲ್ ಎಲ್ಲಿದೆ ಅಂತ ಗೊತ್ತಿರಲ್ಲ, ಅದು 0 ಅಂತ ಹೇಳುತ್ತೆ. ನೀವು ಒಂದು ಕೂಡಿಸಿ ಎರಡರಿಂದ ಭಾಗಿಸ್ತೀರಿ, 0.5 ಬರುತ್ತೆ. ಅದೇ ನಿಮ್ಮ ಅರ್ಧ ವೇಗ.

ಸ್ಟೀರಿಂಗ್‌ಗೆ 0 ಅಂದ್ರೆ ನೇರ, ಹಾಗಾಗಿ ಅಲ್ಲಿ ಇದು ಕಾಣಲ್ಲ. ಪೆಡಲ್‌ಗೆ ಮಾತ್ರ ಕಾಣುತ್ತೆ.

ಬೆಸುಗೆಕಡ್ಡಿ
ಹಾಗಾದ್ರೆ ಫರ್ಮ್‌ವೇರ್‌ನಲ್ಲೇ (ಬೋರ್ಡ್ ಒಳಗಿನ ಪ್ರೋಗ್ರಾಂ) ಮುಗಿಸಬಹುದಲ್ಲ ಮೇಡಂ. ಲಿಯೊನಾರ್ಡೊ ಆನ್ ಆದ ಕೂಡಲೇ ಒಂದು ಸಲ ಸೆಂಡ್‌ಸ್ಟೇಟ್ (ಈಗಿನ ಬೆಲೆ ಕಳಿಸೋ ಆಜ್ಞೆ) ಮಾಡಿ, ಆಮೇಲೆ ಬೆಲೆ ಬದಲಾಗದಿದ್ರೂ ಅರ್ಧ ಸೆಕೆಂಡಿಗೊಮ್ಮೆ ಕಳಿಸ್ತಾ ಇದ್ರೆ ಲೈಬ್ರರಿಗೆ ಗೊತ್ತಾಗಿಬಿಡುತ್ತೆ.

ಪಿಕ್ಸೆಲ್_ಗೌಡ್ತಿ
ಅರ್ಧ ಸರಿ. ಮೊದಲ ವರದಿಯ ಬೆಲೆಯನ್ನ ಎಸ್‌ಡಿಎಲ್ ಆರಂಭದ ಸ್ಥಿತಿ ಅಂತ ಒಳಗೆ ಬರೆದಿಟ್ಟುಕೊಳ್ಳುತ್ತೆ, ಅದಕ್ಕೆ ಆಕ್ಸಿಸ್ ಈವೆಂಟ್ ಹುಟ್ಟಿಸಲ್ಲ. ಅಲ್ಲಿಂದ ಆಕ್ಸಿಸ್ ಸ್ವಲ್ಪ ದೂರ ಸರಿದ ಮೇಲೇ ಮೊದಲ ಈವೆಂಟ್. ಕೆಲವು ಕಂಟ್ರೋಲರ್ ಮುಟ್ಟದೇ ಇದ್ದಾಗಲೂ ನಡುಗ್ತವೆ, ಅದನ್ನ ತಡೆಯೋಕೆ ಹೀಗೆ ಮಾಡಿದ್ದಾರೆ. ಹಾಗಾಗಿ ನೀವು ಫರ್ಮ್‌ವೇರ್‌ನಿಂದ ಎಷ್ಟು ಸಲ ಕಳಿಸಿದ್ರೂ, ಆಟ ಬರೀ ಜಾಯ್‌ಆಕ್ಸಿಸ್‌ಮೋಷನ್ ಈವೆಂಟನ್ನೇ ಕಾಯ್ತಾ ಇದ್ರೆ ಪ್ರಯೋಜನ ಇಲ್ಲ. ಗೆಟ್_ಆಕ್ಸಿಸ್ ಕರೆದು ಕೇಳಿದ್ರೆ ಸರಿ ಬೆಲೆ ಸಿಗುತ್ತೆ.

ನನ್ನ ಪ್ರಕಾರ ಎರಡೂ ಮಾಡಿ. ಫರ್ಮ್‌ವೇರ್ ಆಗಾಗ ಕಳಿಸ್ತಿರಲಿ. ಆಟದ ಕಡೆ ಪ್ರತಿ ಪೆಡಲ್‌ಗೂ «ವಿಶ್ರಾಂತಿ ಬೆಲೆ» ಅಂತ ಒಂದಿರಲಿ, -1.0. ಆ ಪೆಡಲ್ ಒಂದು ಸಲವಾದ್ರೂ ಆಡೋ ತನಕ ವಿಶ್ರಾಂತಿ ಬೆಲೆಯನ್ನೇ ಬಳಸಿ.

ಹೇಮಾವತಿ_ದಡ
ಮೇಡಂ, ಉಬುಂಟುವಿನಲ್ಲಿ ಇದು ಆಗೋದೇ ಇಲ್ಲ, ವಿಂಡೋಸ್‌ನಲ್ಲಿ ಮಾತ್ರ. ಅದೂ ಇದೇ ಕಾರಣಕ್ಕಾ?

ಟರ್ಮಿನಲ್_ಭಟ್ಟ
ಹೌದು. ಲಿನಕ್ಸ್‌ನಲ್ಲಿ ಸಾಧನ ತೆರೆದ ತಕ್ಷಣ ಆಕ್ಸಿಸ್‌ನ ಈಗಿನ ಬೆಲೆ ಎಷ್ಟು ಅಂತ ಕರ್ನಲ್‌ನ್ನ ನೇರ ಕೇಳೋಕಾಗುತ್ತೆ, ಎಸ್‌ಡಿಎಲ್ ಕೇಳುತ್ತೆ ಕೂಡ. ವಿಂಡೋಸ್‌ನಲ್ಲಿ ವರದಿ ಬರೋ ತನಕ ಕಾಯಬೇಕು. ಮಳಿಗೆಯ ಯಂತ್ರದಲ್ಲೇ ಪರೀಕ್ಷೆ ಮಾಡಿ ಅನ್ನೋದು ಇದಕ್ಕೇ.

ಅರಸೀಕೆರೆ_ಜಂಕ್ಷನ್
ಇಷ್ಟೆಲ್ಲ ಯಾಕೆ ಗುರು? ಲಿಯೊನಾರ್ಡೊನ ಕೀಬೋರ್ಡ್ ಮಾಡಿಬಿಡು. ಎಡಕ್ಕೆ ತಿರುಗಿದ್ರೆ ಎ, ಬಲಕ್ಕೆ ಡಿ, ತುಳಿದ್ರೆ ಡಬ್ಲ್ಯೂ. ಯಾವ ಲೈಬ್ರರಿ ಆದ್ರೂ ಕೀಬೋರ್ಡ್ ಓದುತ್ತೆ, ಜಾಯ್‌ಸ್ಟಿಕ್ ತಲೆನೋವೇ ಇಲ್ಲ.

ಪಿಕ್ಸೆಲ್_ಗೌಡ್ತಿ
ಲಾರಿಗೆ ಬೇಡವೇ ಬೇಡ. ಘಾಟಿ ಇಳಿಯೋವಾಗ ಬ್ರೇಕ್ ಮೇಲೆ ಕಾಲು ಎಷ್ಟು ಇಟ್ಟಿದ್ದೀಯ ಅನ್ನೋದೇ ಆಟ. ಕೀ ಅಂದ್ರೆ ಒತ್ತಿದೆ ಅಥವಾ ಇಲ್ಲ, ನಡುವೆ ಏನೂ ಇಲ್ಲ.

ಟರ್ಮಿನಲ್_ಭಟ್ಟ
ಹಾರನ್ ಬಟನ್ ಥರದ್ದಕ್ಕೂ ಕೀಬೋರ್ಡ್ ವೇಷ ಹಾಕಿಸಿದ್ರೆ ಬೇರೆ ಕಾಟ ಇದೆ. ಆರ್ಡುಯಿನೊ ಕೀಬೋರ್ಡ್ ಲೈಬ್ರರಿಯಲ್ಲಿ ಏಕಕಾಲಕ್ಕೆ ಆರು ಕೀ ಮಾತ್ರ, ಏಳನೇದು ಹೋಗಲ್ಲ. ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಲೇಔಟ್ ಆನ್ ಇದ್ರೆ, ಅದು ಇನ್‌ಸ್ಕ್ರಿಪ್ಟ್ ಆಗಲಿ ಕಗಪ ಆಗಲಿ, ಈವೆಂಟ್‌ನ ಕೀ ಬೆಲೆ ಬದಲಾಗಬಹುದು, ಡಬ್ಲ್ಯೂ ಅಂತ ಕಾಯ್ತಾ ಕೂತ ಕೋಡ್‌ಗೆ ಏನೂ ಸಿಗಲ್ಲ. ಐಬಸ್ (ಲಿನಕ್ಸ್‌ನಲ್ಲಿ ಕನ್ನಡ ಟೈಪಿಂಗ್ ಸಂಭಾಳಿಸೋ ಪ್ರೋಗ್ರಾಂ) ನಡುವೆ ನಿಂತು ಕೀಡೌನ್‌ನ್ನೇ ನುಂಗೋದೂ ಉಂಟು. ಕೀಬೋರ್ಡ್ ದಾರಿಯೇ ಬೇಕು ಅನ್ನೋರು ಎರಡು ಮಾಡಿ: ಹೋಲಿಕೆಗೆ ಕೀ ಬದಲು ಸ್ಕ್ಯಾನ್‌ಕೋಡ್ (ಕೀ ಇರೋ ಜಾಗದ ಸಂಖ್ಯೆ, ಲೇಔಟ್‌ಗೆ ಬದಲಾಗಲ್ಲ) ಬಳಸಿ, ಆಟದ ಶುರುವಿನಲ್ಲಿ ಸ್ಟಾಪ್_ಟೆಕ್ಸ್ಟ್_ಇನ್‌ಪುಟ್ ಕರೆಯಿರಿ. ಎಸ್‌ಡಿಎಲ್ 2ರಲ್ಲಿ ಡೆಸ್ಕ್‌ಟಾಪ್ ಮೇಲೆ ಟೆಕ್ಸ್ಟ್ ಇನ್‌ಪುಟ್ ತಾನಾಗೇ ಆನ್ ಇರುತ್ತೆ, 3ರಲ್ಲಿ ಹಾಗಿಲ್ಲ.

ಅರಸೀಕೆರೆ_ಜಂಕ್ಷನ್
ಕನ್ನಡ ಲೇಔಟ್ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ. ಹಾಗಾದ್ರೆ ಗೇಮ್‌ಪ್ಯಾಡ್ ಅಂತ ತೋರಿಸೋದು ಒಳ್ಳೇದಲ್ವಾ? ಎಸ್‌ಡಿಎಲ್‌ನಲ್ಲಿ ಕಂಟ್ರೋಲರ್‌ಗೆ ಬೇರೆ ಎಪಿಐ (ಕರೆಯೋ ಫಂಕ್ಷನ್‌ಗಳ ಗುಂಪು) ಇದೆ, ಎ ಬಟನ್, ಬಿ ಬಟನ್ ಅಂತ ಹೆಸರು ಹಿಡಿದೇ ಕೊಡುತ್ತೆ.

ಪಿಕ್ಸೆಲ್_ಗೌಡ್ತಿ
ಆ ಎಪಿಐ ಎಕ್ಸ್‌ಬಾಕ್ಸ್ ಥರದ ಪ್ಯಾಡ್‌ಗಳಿಗೆ. ಎರಡು ಕಡ್ಡಿ, ಎರಡು ಟ್ರಿಗರ್, ಎ ಬಿ ಎಕ್ಸ್ ವೈ ಅನ್ನೋ ಅಚ್ಚಿಗೆ ಎಲ್ಲವನ್ನೂ ಕೂರಿಸುತ್ತೆ. ಸಾಮಾನ್ಯವಾಗಿ ಸಾಧನದ ಜಿಯುಐಡಿ (ಮಾದರಿಯ ಗುರುತಿನ ಸಂಖ್ಯೆ) ಮ್ಯಾಪಿಂಗ್ ಪಟ್ಟಿಯಲ್ಲಿ ಇದ್ರೆ ಮಾತ್ರ ಅದು ಕಂಟ್ರೋಲರ್. ಲಾರಿ ಸ್ಟೀರಿಂಗ್‌ಗೆ ಎ ಬಟನ್ ಎಲ್ಲಿದೆ? ಇಂಥ ಸಾಧನಕ್ಕೆ ಕಚ್ಚಾ ಜಾಯ್‌ಸ್ಟಿಕ್ ಎಪಿಐಯೇ ಸರಿ: ಆಕ್ಸಿಸ್ 0, ಬಟನ್ 3 ಅಂತ ಬರುತ್ತೆ, ಅದಕ್ಕೆ ಅರ್ಥ ಕೊಡೋದು ನಿಮ್ಮ ಕೋಡ್.

ಇದು ಮುಖ್ಯ, ಸ್ವಲ್ಪ ಬಿಡಿಸಿ ಹೇಳ್ತೀನಿ. ಆಟದ ಒಳಗಿನ ಕೋಡ್‌ಗೆ ಜಾಯ್‌ಸ್ಟಿಕ್ ಅನ್ನೋ ಪದವೇ ಗೊತ್ತಿರಬಾರದು. ಅಲ್ಲಿ ಇರಬೇಕಾದ್ದು ತಿರುವು, ವೇಗ, ಬ್ರೇಕ್, ಕ್ಲಚ್, ಹಾರನ್, ಆಟಗಾರ ಬಂದ. ಇಷ್ಟೇ ಕ್ರಿಯೆಗಳು. ನಡುವೆ ಒಂದೇ ಒಂದು ಫೈಲ್, ಕಚ್ಚಾ ಈವೆಂಟ್ ತಗೊಂಡು ಕ್ರಿಯೆ ಕೊಡೋದು. ಆಕ್ಸಿಸ್ ತಲೆಕೆಳಗಾಗಿದೆಯಾ, ಸತ್ತ ವಲಯ (ಲೆಕ್ಕಕ್ಕೆ ತಗೊಳ್ಳದ ಸಣ್ಣ ಅಲುಗಾಟ) ಎಷ್ಟು, ಕನಿಷ್ಠ ಗರಿಷ್ಠ ಎಷ್ಟು, ಎಲ್ಲ ಆ ಫೈಲಿನಲ್ಲೇ. ನಾಳೆ ಪಾಟ್ ಸುಟ್ಟು ಹೋಗಿ ಬೇರೆ ಸೆನ್ಸರ್ ಹಾಕಿದ್ರೂ ಆಟದ ಒಂದು ಸಾಲೂ ಬದಲಾಗಬಾರದು. ಮೇಜಿನ ಮೇಲೆ ಕೂತು ಪರೀಕ್ಷೆ ಮಾಡೋವಾಗ ಬಾಣದ ಕೀಗಳಿಂದಲೂ ಅದೇ ಕ್ರಿಯೆಗಳು ಬರೋ ಹಾಗೆ ಮಾಡ್ಕೊಳ್ಳಿ, ಸ್ಟೀರಿಂಗ್ ಹೊತ್ತು ತಿರುಗೋದು ತಪ್ಪುತ್ತೆ.

ರತ್ನಗಿರಿ_ಬೋರೆ
+1. ಜೊತೆಗೆ ನನ್ನದೊಂದು ನಿಯಮ: ಬಟನ್‌ಗೆ ಈವೆಂಟ್, ಆಕ್ಸಿಸ್‌ಗೆ ಪೋಲಿಂಗ್ (ಪ್ರತಿ ಫ್ರೇಮಿಗೂ ನಾವೇ ಬೆಲೆ ಕೇಳೋದು). 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್ ಅಂದ್ರೆ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಯಾರಾದ್ರೂ ಹಾರನ್ ತಟ್ಟಿ ಬಿಟ್ರೆ ಪೋಲಿಂಗ್‌ಗೆ ಅದು ಗೊತ್ತೇ ಆಗಲ್ಲ, ಈವೆಂಟ್ ಸಾಲಿನಲ್ಲಿ ಡೌನ್, ಅಪ್ ಎರಡೂ ಇರುತ್ತೆ. ಆಕ್ಸಿಸ್ ಹಾಗಲ್ಲ, ಒಂದು ಫ್ರೇಮಿಗೆ ಹತ್ತು ಹದಿನೈದು ಈವೆಂಟ್ ಬಂದ್ರೂ ಬೇಕಿರೋದು ಕೊನೇದೊಂದು.

ಬೆಸುಗೆಕಡ್ಡಿ
ಸ್ಟೀರಿಂಗ್ ನಡುಕಕ್ಕೆ ಬರೋಣ. ಎಷ್ಟು ಡಿಗ್ರಿ ತಿರುಗುತ್ತೆ? ಸ್ಟಾಪರ್ ಇದೆಯಾ?

ಹೇಮಾವತಿ_ದಡ
ಆ ತುದಿಯಿಂದ ಈ ತುದಿಗೆ ಎರಡೂವರೆ ಸುತ್ತು. ಕಬ್ಬಿಣದ ಸ್ಟಾಪರ್ ಇದೆ. ಪಾಟ್ ನೇರ ಶಾಫ್ಟ್‌ಗೆ.

ಬೆಸುಗೆಕಡ್ಡಿ
ಲೆಕ್ಕ ಹಾಕಿ ಅಣ್ಣ. ಹತ್ತು ಸುತ್ತು ಅಂದ್ರೆ 3600 ಡಿಗ್ರಿ. ಲಿಯೊನಾರ್ಡೊದ ಅನಲಾಗ್ ಪಿನ್ 10 ಬಿಟ್, 0ಯಿಂದ 1023. ನಿಮ್ಮ 900 ಡಿಗ್ರಿಗೆ ಸಿಗೋದು ಬರೀ 256 ಮೆಟ್ಟಿಲು, ಒಂದೊಂದು ಮೆಟ್ಟಿಲೂ ಮೂರೂವರೆ ಡಿಗ್ರಿ. ಕೊನೆಯ ಬಿಟ್ ಒಂದು ಮೇಲೆ ಕೆಳಗೆ ಆಡಿದ್ರೆ ಚಕ್ರ ಮೂರೂವರೆ ಡಿಗ್ರಿ ಆಡಿದ ಹಾಗೆ. ಮೂತಿ ನಡುಗದೆ ಇನ್ನೇನಾಗುತ್ತೆ.

ಖರ್ಚಿಲ್ಲದ ದಾರಿ ಮೊದಲು. ಪಾಟ್‌ನ ನಡುಕಾಲಿಗೂ ಗ್ರೌಂಡ್‌ಗೂ 100 ನ್ಯಾನೊಫ್ಯಾರಡ್ ಕೆಪಾಸಿಟರ್, ಬೋರ್ಡ್ ಹತ್ತಿರ. ಪಾಟ್‌ಗೆ 5 ವೋಲ್ಟ್ ಅದೇ ಲಿಯೊನಾರ್ಡೊದಿಂದ ಕೊಡಿ, ಬೇರೆ ಅಡಾಪ್ಟರ್‌ನಿಂದ ಬೇಡ. ಎರಡೂ ಒಂದೇ ಸಪ್ಲೈ ಆದ್ರೆ ವೋಲ್ಟೇಜ್ ಸ್ವಲ್ಪ ಏರಿಳಿದರೂ ಅನುಪಾತ ಬದಲಾಗಲ್ಲ. ಒಂದು ಸಲ ಓದೋ ಬದಲು 16 ಸಲ ಓದಿ ಕೂಡಿಸಿ 4ರಿಂದ ಭಾಗಿಸಿ, 12 ಬಿಟ್‌ನ ಬೆಲೆ ಸಿಗುತ್ತೆ. ಅದರ ಮೇಲೆ, ಹಿಂದಿನ ಬೆಲೆಗಿಂತ 3ಕ್ಕಿಂತ ಹೆಚ್ಚು ವ್ಯತ್ಯಾಸ ಆದ್ರೆ ಮಾತ್ರ ಕಳಿಸಿ.

ಖರ್ಚಿನ ದಾರಿ: ಪಾಟ್ ತೆಗೆದು ಎಎಸ್5600 ಮ್ಯಾಗ್ನೆಟ್ ಸೆನ್ಸರ್. ಸುತ್ತಿಗೆ 4096 ಮೆಟ್ಟಿಲು, ಉಜ್ಜಿ ಸವೆಯೋ ಭಾಗವೇ ಇಲ್ಲ. ಮ್ಯಾಗ್ನೆಟ್ ಮಾತ್ರ ಅಡ್ಡಕ್ಕೆ ಧ್ರುವ ಇರೋದೇ ಆಗಬೇಕು, ಅಂದ್ರೆ ಬಿಲ್ಲೆಯ ಅರ್ಧ ಉತ್ತರ, ಅರ್ಧ ದಕ್ಷಿಣ. ಸ್ಪೀಕರ್‌ನಿಂದ ಕಿತ್ತಿದ್ದು ಹಾಕಿದ್ರೆ ಓದಲ್ಲ. ಚಿಪ್‌ಗೂ ಅದಕ್ಕೂ ಅಂತರ ಅರ್ಧದಿಂದ ಮೂರು ಮಿಲಿಮೀಟರ್.

ಮೂಡಿಗೆರೆ_ಮಳೆ
ಎಎಸ್5600 ಒಂದು ಸುತ್ತಿನ ಒಳಗೆ ಮಾತ್ರ ತಾನೆಲ್ಲಿದ್ದೇನೆ ಅಂತ ಹೇಳುತ್ತೆ ಮಾರಾಯ್ರೆ. 4095 ಆದ್ಮೇಲೆ 0ಗೆ ಹಾರುತ್ತೆ. ಎರಡೂವರೆ ಸುತ್ತಿಗೆ ನೀವೇ ಲೆಕ್ಕ ಇಡಬೇಕು: ಹೊಸದರಿಂದ ಹಳೇದನ್ನ ಕಳೆದಾಗ 2048 ದಾಟಿದ್ರೆ 4096 ಕಳೀರಿ, -2048ಕ್ಕಿಂತ ಕೆಳಗೆ ಹೋದ್ರೆ 4096 ಕೂಡಿಸಿ. ಕರೆಂಟ್ ಹೋಗಿ ಬಂದ್ರೆ ಎಷ್ಟನೇ ಸುತ್ತಿನಲ್ಲಿದ್ದೇವೆ ಅಂತ ಮರೆತುಹೋಗುತ್ತೆ. ಅದಕ್ಕೆ ಪ್ರತಿ ಆಟದ ಶುರುವಿನಲ್ಲಿ «ಸ್ಟೀರಿಂಗ್ ನೇರ ಹಿಡಿದು ಹಾರನ್ ಒತ್ತಿ» ಅಂತ ತೋರಿಸಿ, ಆ ಕ್ಷಣದ ಬೆಲೆಯನ್ನೇ ಸೊನ್ನೆ ಮಾಡ್ಕೊಳ್ಳಿ. ಪಾಟ್ ಇದ್ರೂ ಇದು ಒಳ್ಳೇದೇ, ಮಕ್ಕಳು ಎಳೆದಾಡಿ ಕಪ್ಲಿಂಗ್ ಜಾರಿದ್ರೆ ಗೊತ್ತಾಗದೆ ಸರಿಹೋಗುತ್ತೆ.

ಅರಸೀಕೆರೆ_ಜಂಕ್ಷನ್
ಎನ್‌ಕೋಡರ್ (ತಿರುಗಿದ ಹೆಜ್ಜೆ ಎಣಿಸೋ ಸೆನ್ಸರ್) ಹಾಕಿ ಮೌಸ್ ಅಂತ ಕಳಿಸಿದ್ರೆ?

ಮೂಡಿಗೆರೆ_ಮಳೆ
ಓಎಸ್‌ನ ಮೌಸ್ ವೇಗವರ್ಧನೆ ನಡುವೆ ಬರಬಹುದು. ಜೋರಾಗಿ ತಿರುಗಿಸಿದ್ರೆ ಹೆಚ್ಚು, ನಿಧಾನಕ್ಕೆ ತಿರುಗಿಸಿದ್ರೆ ಕಡಿಮೆ. ಮಧ್ಯಕ್ಕೆ ವಾಪಸ್ ತಂದ್ರೂ ಬೆಲೆ ಮಧ್ಯಕ್ಕೆ ಬರಲ್ಲ. ಎನ್‌ಕೋಡರ್ ಇರಲಿ, ಎಣಿಕೆಯನ್ನ ಬೋರ್ಡ್‌ನಲ್ಲೇ ಇಟ್ಟು ಜಾಯ್‌ಸ್ಟಿಕ್ ಆಕ್ಸಿಸ್ ಆಗಿ ಕಳಿಸಿ. ಲಿಯೊನಾರ್ಡೊದಲ್ಲಿ ಇಂಟರಪ್ಟ್ (ಪಿನ್ ಬದಲಾದ ಕೂಡಲೇ ಚಿಪ್‌ಗೆ ತಿಳಿಸೋ ವ್ಯವಸ್ಥೆ) ಇರೋದು 0, 1, 2, 3, 7ನೇ ಪಿನ್‌ಗೆ, ನೆನಪಿರಲಿ.

ರತ್ನಗಿರಿ_ಬೋರೆ
ಆಕ್ಸಿಸ್‌ಗೆ ಹೆಸರಿಡೋದ್ರಲ್ಲೂ ಎಚ್ಚರ. ಲಿಯೊನಾರ್ಡೊಗೆ ಹಾಕೋ ಆರ್ಡುಯಿನೊ ಜಾಯ್‌ಸ್ಟಿಕ್ ಲೈಬ್ರರಿಯಲ್ಲಿ ಸ್ಟೀರಿಂಗ್, ಆಕ್ಸಿಲರೇಟರ್, ಬ್ರೇಕ್ ಅಂತಲೇ ಆಕ್ಸಿಸ್ ಇದೆ, ನೋಡೋಕೆ ಚೆಂದ. ಆದರೆ ಅವು ಯಾವ ಸಂಖ್ಯೆಯ ಆಕ್ಸಿಸ್ ಆಗಿ ಬರ್ತವೆ ಅನ್ನೋದು ಓಎಸ್ ಮೇಲೆ ನಿಂತಿದೆ. ನೀವು ಎರಡು ಓಎಸ್‌ನಲ್ಲಿ ಓಡಾಡ್ತಿದ್ದೀರಿ. ಸಾದಾ ಎಕ್ಸ್, ವೈ, ಝಡ್ ಬಳಸಿ. ಕ್ಲಚ್‌ಗೆ ಆರ್‌ಎಕ್ಸ್.

ಟರ್ಮಿನಲ್_ಭಟ್ಟ
ವೈರ್ ಕಿತ್ತರೆ ಈವೆಂಟ್ ನಿಲ್ಲೋದಕ್ಕೆ ಕಾರಣ: ನೀವು ಬಹುಶಃ ಶುರುವಿನಲ್ಲಿ ಒಂದು ಸಲ ಜಾಯ್‌ಸ್ಟಿಕ್(0) ಅಂತ ತೆರೆದು ಬಿಟ್ಟಿದ್ದೀರಿ. ವೈರ್ ಕಿತ್ತ ಮೇಲೆ ಆ ಆಬ್ಜೆಕ್ಟ್ ಸತ್ತ ಹಾಗೆ. ಮತ್ತೆ ಹಾಕಿದಾಗ ಬರೋದು ಹೊಸ ಸಾಧನ, ಅದಕ್ಕೆ ಹೊಸ ಇನ್‌ಸ್ಟೆನ್ಸ್ ಐಡಿ (ಪ್ರತಿ ಸಲ ಸಿಕ್ಕಿಸಿದಾಗ ಸಿಗೋ ಗುರುತಿನ ಸಂಖ್ಯೆ).

ಪೈಗೇಮ್ 2ರಲ್ಲಿ ಜಾಯ್‌ಡಿವೈಸ್‌ಆಡೆಡ್ ಈವೆಂಟ್ ಬಂದಾಗ ಅದರಲ್ಲಿರೋ ಡಿವೈಸ್_ಇಂಡೆಕ್ಸ್ ತಗೊಂಡು ಜಾಯ್‌ಸ್ಟಿಕ್ ತೆರೀರಿ, ಗೆಟ್_ಇನ್‌ಸ್ಟೆನ್ಸ್_ಐಡಿ ಕೊಟ್ಟ ಸಂಖ್ಯೆಯನ್ನ ಕೀ ಮಾಡಿ ಒಂದು ಡಿಕ್ಷನರಿಯಲ್ಲಿ ಇಡಿ. ಜಾಯ್‌ಡಿವೈಸ್‌ರಿಮೂವ್ಡ್ ಬಂದಾಗ ಅದರ ಇನ್‌ಸ್ಟೆನ್ಸ್_ಐಡಿ ನೋಡಿ ತೆಗೀರಿ. ಇಂಡೆಕ್ಸ್ (ಪಟ್ಟಿಯಲ್ಲಿನ ಸ್ಥಾನ) ಬೇರೆ, ಇನ್‌ಸ್ಟೆನ್ಸ್ ಐಡಿ ಬೇರೆ. ಮೊದಲ ಸಲ ಎರಡೂ 0 ಆಗಿರೋದ್ರಿಂದ ಒಂದೇ ಅಂತ ಅನಿಸುತ್ತೆ, ಒಂದು ಸಲ ಕಿತ್ತು ಹಾಕಿದ ಮೇಲೆ ಬೇರೆಯಾಗುತ್ತೆ. ಆಟ ಶುರುವಾದಾಗ ಮೊದಲೇ ಸಿಕ್ಕಿಸಿರೋ ಸಾಧನಕ್ಕೂ ಆಡೆಡ್ ಈವೆಂಟ್ ಬರುತ್ತೆ, ಹಾಗಾಗಿ ಶುರುವಿನಲ್ಲಿ ಬೇರೆ ಹುಡುಕಾಟ ಬೇಡ.

ಡಿಕ್ಷನರಿಯಲ್ಲಿ ಇಡಲೇಬೇಕು. ಫಂಕ್ಷನ್ ಒಳಗೆ ಜಾಯ್‌ಸ್ಟಿಕ್ ತೆರೆದು ಹಾಗೇ ಬಿಟ್ರೆ ಪೈಥಾನ್ ಅದನ್ನ ಗುಡಿಸಿ ಹಾಕುತ್ತೆ, ಸಾಧನ ಮುಚ್ಚಿಹೋಗುತ್ತೆ, ಯಾವ ಎರರ್ ಕೂಡ ಬರಲ್ಲ.

ಪಿಕ್ಸೆಲ್_ಗೌಡ್ತಿ
ರಿಮೂವ್ಡ್ ಬಂದಾಗ ಎಲ್ಲ ಕ್ರಿಯೆಯನ್ನೂ ವಿಶ್ರಾಂತಿ ಬೆಲೆಗೆ ತನ್ನಿ. ಇಲ್ಲದಿದ್ರೆ ಆಕ್ಸಿಲರೇಟರ್ ತುಳಿದಾಗ ವೈರ್ ಬಿದ್ದರೆ ಲಾರಿ ತುಳಿದ ಹಾಗೇ ಓಡ್ತಿರುತ್ತೆ, ಹಾರನ್ ಅಪ್ ಈವೆಂಟ್ ಬಾರದೆ ಬಡ್ಕೋತಾನೇ ಇರುತ್ತೆ. ಆಟ ತಾನಾಗೇ ನಿಂತು «ಸ್ಟೀರಿಂಗ್ ಸಂಪರ್ಕ ತಪ್ಪಿದೆ» ಅಂತ ತೋರಿಸಲಿ.

ಹೇಮಾವತಿ_ದಡ
ಮೂರೂ ಹಾಕಿ ನೋಡಿದೆ. ಅರ್ಧ ವೇಗ ಹೋಯ್ತು, ಕಿತ್ತು ಹಾಕಿದ್ರೆ ತಾನಾಗೇ ಹಿಡ್ಕೊಳ್ತಿದೆ. ಕೆಪಾಸಿಟರ್, 16 ಸಲದ ಓದು ಹಾಕಿದ ಮೇಲೆ ನಡುಕ ತುಂಬ ಕಡಿಮೆ, ಮ್ಯಾಗ್ನೆಟ್ ಸೆನ್ಸರ್‌ಗೂ ಹೇಳಿದ್ದೇನೆ. ಕಾರ್ಡ್ ರೀಡರ್ ಒಂದು ಉಳೀತು.

ಟರ್ಮಿನಲ್_ಭಟ್ಟ
ಆ ರೀಡರ್ ತನ್ನನ್ನ ಕೀಬೋರ್ಡ್ ಅಂತಲೇ ಹೇಳ್ಕೊಳ್ಳುತ್ತೆ: ಹತ್ತು ಅಂಕಿ, ಒಂದು ಎಂಟರ್. ಎಸ್‌ಡಿಎಲ್ 2ರಲ್ಲಿ ಯಾವ ಕೀಬೋರ್ಡಿಂದ ಬಂತು ಅಂತ ತಿಳಿಯೋ ದಾರಿಯೇ ಇಲ್ಲ. ಲಿನಕ್ಸ್ ಆಗಿದ್ರೆ ಪೈಥಾನ್‌ನ ಇವಿಡೆವ್ ಲೈಬ್ರರಿಯಿಂದ ಆ ಸಾಧನವನ್ನ ಗ್ರ್ಯಾಬ್ ಮಾಡಿದ್ರೆ ಮುಗೀತು, ಅದರ ಕೀಗಳು ಬೇರೆ ಯಾರಿಗೂ ಹೋಗಲ್ಲ. ಬೇರೆ ಥ್ರೆಡ್‌ನಲ್ಲಿ (ಆಟದ ಜೊತೆಗೇ ಓಡೋ ಇನ್ನೊಂದು ಕೆಲಸದ ಸಾಲು) ಓದಿ, ಕಸ್ಟಮ್_ಟೈಪ್‌ನಿಂದ ಸ್ವಂತ ಈವೆಂಟ್ ಮಾಡಿ ಪೋಸ್ಟ್ ಮಾಡಿ. ಮಳಿಗೆಯಲ್ಲಿ ಉಬುಂಟುವನ್ನೇ ಓಡಿಸಿ.

ರತ್ನಗಿರಿ_ಬೋರೆ
ಮಳಿಗೆಯ ಲ್ಯಾಪ್‌ಟಾಪ್ ಇನ್ಯಾರದ್ದೋ ಇರುತ್ತೆ ಭಟ್ರೇ, ಉಬುಂಟು ಹಾಕಿ ಅಂದ್ರೆ ಆಗಲ್ಲ. ಕೀಗಳ ನಡುವಿನ ಸಮಯ ನೋಡಿದ್ರೆ ಸಾಕು. ರೀಡರ್‌ನ ಅಂಕಿಗಳು ಕೆಲವೇ ಮಿಲಿಸೆಕೆಂಡ್‌ಗೆ ಒಂದೊಂದು ಸುರಿಯುತ್ತೆ, ಮನುಷ್ಯರ ಕೈಲಿ ಹಾಗೆ ಹತ್ತು ಅಂಕಿ ಒತ್ತೋಕಾಗಲ್ಲ. ಅಂಕಿ ಬಂದ ಕೂಡಲೇ ಶಾರ್ಟ್‌ಕಟ್ ಓಡಿಸದೆ ಒಂದು ಬಫರ್‌ಗೆ ಹಾಕಿ. 50 ಮಿಲಿಸೆಕೆಂಡ್ ಒಳಗೆ ಇನ್ನೊಂದು ಅಂಕಿ ಬಂದ್ರೆ ಅದು ಕಾರ್ಡ್, ಇಲ್ಲದಿದ್ರೆ ಕೀ. ಸಮಯವನ್ನ ಫ್ರೇಮ್‌ನಿಂದ ಅಳೀಬೇಡಿ. ಒಂದೇ ಫ್ರೇಮಿನಲ್ಲಿ ಮೂರು ನಾಲ್ಕು ಅಂಕಿ ಒಟ್ಟಿಗೆ ಬರುತ್ತೆ.

ಬೆಸುಗೆಕಡ್ಡಿ
ಸಮಯ ನೋಡೋದು ತೇಪೆ ಕೆಲಸ. ಲ್ಯಾಪ್‌ಟಾಪ್ ಒಂದು ಕ್ಷಣ ತಡವರಿಸಿದ್ರೆ ಮತ್ತೆ ಮೆನು ತೆರೆಯುತ್ತೆ. ಆ ರೀಡರ್‌ನೇ ಬಿಡಿ, ಆರ್‌ಡಿಎಂ6300 ಅನ್ನೋ ಮಾಡ್ಯೂಲ್ ತಗೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೇಳಿ. ಅದೂ 125 ಕಿಲೋಹರ್ಟ್ಸ್, ಈಗಿರೋ ಕಾರ್ಡ್‌ಗಳೇ ಸಾಕು. 9600 ಬಾಡ್‌ನಲ್ಲಿ ಸೀರಿಯಲ್ ಕಳಿಸುತ್ತೆ, ಅದರ ಟಿಎಕ್ಸ್‌ನ್ನ ಲಿಯೊನಾರ್ಡೊದ 0ನೇ ಪಿನ್‌ಗೆ ಕೊಟ್ಟು ಸೀರಿಯಲ್1ರಲ್ಲಿ ಓದಿ. ಒಂದು ಸಂದೇಶ 14 ಬೈಟ್: ಮೊದಲು 02, ಆಮೇಲೆ 10 ಹೆಕ್ಸ್ ಅಕ್ಷರ, 2 ಚೆಕ್‌ಸಮ್ (ತಪ್ಪಿಲ್ಲ ಅಂತ ತಾಳೆ ನೋಡೋಕೆ), ಕೊನೆಗೆ 03. ಲಿಯೊನಾರ್ಡೊ ಒಂದೇ ವೈರ್‌ನಲ್ಲಿ ಜಾಯ್‌ಸ್ಟಿಕ್ಕೂ ಹೌದು, ಸೀರಿಯಲ್ ಪೋರ್ಟ್‌ಕೂಡ ಹೌದು. ಕಾರ್ಡ್ ಸಂಖ್ಯೆಯನ್ನ ಆ ಪೋರ್ಟ್‌ಗೆ ಒಂದು ಸಾಲಾಗಿ ಬರೀರಿ, ಆಟದಲ್ಲಿ ಪೈಸೀರಿಯಲ್ (ಸೀರಿಯಲ್ ಓದೋ ಪೈಥಾನ್ ಲೈಬ್ರರಿ) ಥ್ರೆಡ್ ಓದಿ ಈವೆಂಟ್ ಪೋಸ್ಟ್ ಮಾಡಲಿ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಒಂದೇ ಕೋಡ್.

ಕಾರ್ಡ್ ಇಟ್ಟಷ್ಟು ಹೊತ್ತೂ ಮಾಡ್ಯೂಲ್ ಅದೇ ಸಂಖ್ಯೆಯನ್ನ ಮತ್ತೆ ಮತ್ತೆ ಕಳಿಸುತ್ತೆ. ಅದೇ ಕಾರ್ಡ್ ಎರಡು ಸೆಕೆಂಡ್ ಒಳಗೆ ಬಂದ್ರೆ ಬಿಟ್ಟುಬಿಡಿ. ಕಾರ್ಡ್ ಮೇಲೆ ಅಚ್ಚಾಗಿರೋ ಹತ್ತು ಅಂಕಿ ಬೇಕಾದ್ರೆ, ಹತ್ತು ಹೆಕ್ಸ್ ಅಕ್ಷರದ ಕೊನೆಯ ಎಂಟನ್ನ ದಶಮಾನಕ್ಕೆ ತಿರುಗಿಸಿ. ಕಾಯಿಲ್‌ನ್ನ ಸ್ಟೀರಿಂಗ್‌ನ ಕಬ್ಬಿಣಕ್ಕೆ ಅಂಟಿಸಬೇಡಿ, ಓದೋ ದೂರ ಕುಸಿಯುತ್ತೆ.

ಟರ್ಮಿನಲ್_ಭಟ್ಟ
ಇದು ನನ್ನ ದಾರಿಗಿಂತ ಚೆನ್ನಾಗಿದೆ. ಉಬುಂಟುವಿನಲ್ಲಿ ಸೀರಿಯಲ್ ಓದೋಕೆ ನಿಮ್ಮ ಖಾತೆ ಡಯಲ್‌ಔಟ್ ಗುಂಪಿನಲ್ಲಿರಬೇಕು. ಇದನ್ನ ಓದಿ ಸಿಎಚ್340 ಚಿಪ್ ಇರೋ ನ್ಯಾನೊ ಬಳಸೋರಿಗೆ: ಉಬುಂಟು 22.04ರಲ್ಲಿ ಬಿಆರ್‌ಎಲ್‌ಟಿಟಿವೈ ಅನ್ನೋ ಬ್ರೈಲ್ ಸೇವೆ ಆ ಚಿಪ್‌ನ್ನ ತನ್ನದು ಅಂತ ಹಿಡ್ಕೊಂಡು ಪೋರ್ಟ್ ಮಾಯ ಮಾಡುತ್ತೆ. ಬ್ರೈಲ್ ಸಾಧನ ಬಳಸದಿದ್ರೆ ಆ ಪ್ಯಾಕೇಜ್ ತೆಗೆದುಹಾಕಿ. ಹಳೇ ನ್ಯಾನೊ, ಊನೊ ಜಾಯ್‌ಸ್ಟಿಕ್ ಆಗಿ ಕಾಣೋದೂ ಇಲ್ಲ, ಅವುಗಳ ಮುಖ್ಯ ಚಿಪ್‌ಗೆ ಸ್ವಂತ ಯುಎಸ್‌ಬಿ ಇಲ್ಲ.

ಅರಸೀಕೆರೆ_ಜಂಕ್ಷನ್
ಎಸ್‌ಡಿಎಲ್ 3ರಲ್ಲಿ ಯಾವ ಕೀಬೋರ್ಡ್ ಅಂತ ಗೊತ್ತಾಗುತ್ತಂತಲ್ಲ?

ಪಿಕ್ಸೆಲ್_ಗೌಡ್ತಿ
ಹೌದು, ಕೀಬೋರ್ಡ್ ಈವೆಂಟ್‌ನಲ್ಲಿ ವಿಚ್ ಅನ್ನೋ ಸಂಖ್ಯೆ ಸೇರಿದೆ, ಮೌಸ್‌ಗೂ ಇದೆ. ಗೊತ್ತಾಗದಿದ್ದಾಗ ಅದು 0 ಕೊಡುತ್ತೆ, ಅದಕ್ಕೂ ಕೋಡ್ ಸಿದ್ಧ ಇರಬೇಕು. ಎಸ್‌ಡಿಎಲ್ 3ರ ಸ್ಥಿರ ಆವೃತ್ತಿ, 3.2.0, ಬಂದಿದ್ದು 2025ರ ಜನವರಿಯಲ್ಲಿ. ಪೈಗೇಮ್ 2 ನಿಂತಿರೋದು ಎಸ್‌ಡಿಎಲ್ 2ರ ಮೇಲೆ, ಇವರಿಗೆ ಈಗ ಉಪಯೋಗಕ್ಕೆ ಬರಲ್ಲ.

ಕುಂಟೆಬಿಲ್ಲೆ_ಟೀಚರ್ (ಚಿಕ್ಕಮಗಳೂರು)
ನಡುವೆ ಬಂದೆ, ಕ್ಷಮಿಸಿ. ನಮ್ಮ ಶಾಲೆ ಮಕ್ಕಳಿಗೆ ನೆಲದ ಮೇಲೆ ಕುಂಟೆಬಿಲ್ಲೆ ಆಟ, ಪರದೆ ಮೇಲೆ ಅಂಕ. ಎಂಟು ಚೌಕದ ಮ್ಯಾಟ್, ಎರಡು ಫಾಯಿಲ್ ಹಾಳೆ, ನಡುವೆ ತೂತು ಮಾಡಿದ ಸ್ಪಂಜು. ಲಿಯೊನಾರ್ಡೊದಿಂದ ಜಾಯ್‌ಸ್ಟಿಕ್ ಬಟನ್ ಆಗಿ ಬರುತ್ತೆ. ಬಿಸಿಲು ದಿನ ಸರಿ. ಮಳೆಗಾಲದಲ್ಲಿ ಯಾರೂ ತುಳಿಯದೆ ಚೌಕಗಳು ತಾವೇ ಒತ್ತಿಕೊಳ್ಳುತ್ತೆ. ಜೊತೆಗೆ ಅಂಗಡಿಯಿಂದ ತಂದ ಒಂದು ಡ್ಯಾನ್ಸ್ ಮ್ಯಾಟ್ ಇದೆ, ಅದರಲ್ಲಿ ಎಡ ಬಲ ಒಟ್ಟಿಗೆ ತುಳಿದ್ರೆ ಏನೂ ಬರಲ್ಲ.

ಮೂಡಿಗೆರೆ_ಮಳೆ
ಡ್ಯಾನ್ಸ್ ಮ್ಯಾಟ್ ಮೊದಲು. ಅದು ಬಾಣಗಳನ್ನ ಹ್ಯಾಟ್ (ನಾಲ್ಕು ದಿಕ್ಕಿನ ಬಟನ್) ಅಥವಾ ಆಕ್ಸಿಸ್ ಅಂತ ಕಳಿಸ್ತಿದೆ. ಒಂದು ಆಕ್ಸಿಸ್ ಏಕಕಾಲಕ್ಕೆ -1 ಮತ್ತು 1 ಆಗೋಕಾಗಲ್ಲ, ಎಡ ಬಲ ಒಂದನ್ನೊಂದು ಹೊಡೆದು 0 ಆಗುತ್ತೆ. ಕೋಡ್‌ನಲ್ಲಿ ಇದಕ್ಕೆ ಮದ್ದಿಲ್ಲ, ಆ ಮಾಹಿತಿ ಮ್ಯಾಟ್‌ನ ಒಳಗೇ ಕಳೆದುಹೋಗಿದೆ. ಬಾಣಗಳನ್ನ ಬಟನ್ ಆಗಿ ಕಳಿಸೋ ಮ್ಯಾಟೇ ಬೇಕು, ಇಲ್ಲವೇ ಒಳಗಿನ ಬೋರ್ಡ್ ತೆಗೆದು ನಿಮ್ಮ ಲಿಯೊನಾರ್ಡೊ ಹಾಕಿ.

ಮಳೆಗಾಲದ್ದು ಇಲ್ಲಿ ಎಲ್ಲರಿಗೂ ಬರೋದೇ ಮೇಡಂ. ಸ್ಪಂಜು ತೇವ ಹೀರಿ ಎರಡು ಫಾಯಿಲ್ ನಡುವೆ ಕರೆಂಟ್ ಸೋರುತ್ತೆ. ಇನ್‌ಪುಟ್_ಪುಲ್‌ಅಪ್ (ಬಿಟ್ಟ ಪಿನ್‌ನ್ನ 5 ವೋಲ್ಟ್ ಕಡೆ ಎಳೆದಿಡೋ, ಚಿಪ್ ಒಳಗಿನ ರೆಸಿಸ್ಟರ್) ಬಳಸಿದ್ದೀರಾ?

ಕುಂಟೆಬಿಲ್ಲೆ_ಟೀಚರ್
ಹೌದು, ಬೇರೆ ರೆಸಿಸ್ಟರ್ ಹಾಕಿಲ್ಲ.

ಮೂಡಿಗೆರೆ_ಮಳೆ
ಚಿಪ್ ಒಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್, 35 ಅಂತ ಇಟ್ಕೊಳ್ಳಿ. ತೇವದ ಸ್ಪಂಜಿನ ಸೋರಿಕೆ 30 ಕಿಲೋಓಮ್‌ಗೆ ಇಳಿದ್ರೆ ಪಿನ್‌ನಲ್ಲಿ ಉಳಿಯೋದು ಸುಮಾರು 2.3 ವೋಲ್ಟ್. ಸೋರಿಕೆ ಇನ್ನೂ ಹೆಚ್ಚಾದ್ರೆ ಅದು ಒತ್ತಿದ್ದೂ ಅಲ್ಲ ಬಿಟ್ಟಿದ್ದೂ ಅಲ್ಲ ಅನ್ನೋ ಜಾಗಕ್ಕೆ ಬೀಳುತ್ತೆ, ಚಿಪ್ ಏನು ಬೇಕಾದ್ರೂ ಓದಬಹುದು. ಪ್ರತಿ ಪಿನ್‌ನಿಂದ 5 ವೋಲ್ಟ್‌ಗೆ 4.7 ಕಿಲೋಓಮ್ ರೆಸಿಸ್ಟರ್ ಹಾಕಿ, ಅಷ್ಟೇ ಸೋರಿಕೆಗೆ 4.3 ವೋಲ್ಟ್ ನಿಲ್ಲುತ್ತೆ, ಬಿಟ್ಟಿದ್ದು ಅಂತ ಸ್ಪಷ್ಟ. ಎಂಟು ಚೌಕಕ್ಕೆ ಎಂಟು ರೆಸಿಸ್ಟರ್. ಸ್ಪಂಜಿನ ಬದಲು ಯೋಗ ಮ್ಯಾಟ್‌ನ ಮುಚ್ಚಿದ ರಂಧ್ರದ ಫೋಮ್ ಹಾಕಿ, ಅದು ನೀರು ಹೀರಲ್ಲ. ಫಾಯಿಲ್ ಅಂಚು ಸ್ಪಂಜಿನ ಅಂಚಿಗಿಂತ ಎರಡು ಸೆಂಟಿಮೀಟರ್ ಒಳಗಿರಲಿ.

ಬೆಸುಗೆಕಡ್ಡಿ
ಟಚ್ ಸೆನ್ಸರ್ ಹಾಕೋಣ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ. ಎರಡು ಪಿನ್‌ನ ಅಡಾಪ್ಟರ್, ಅರ್ಥಿಂಗ್ ಇಲ್ಲದ ಪ್ಲಗ್ ಇದ್ರೆ ಅಂಥ ಸೂಕ್ಷ್ಮ ಪಿನ್‌ಗಳಿಗೆ 50 ಹರ್ಟ್ಸ್ ಗುಂಯ್‌ಗುಡೋದು ಸೇರುತ್ತೆ. ಚಾರ್ಜರ್ ತೆಗೆದ್ರೆ ಸರಿ, ಹಾಕಿದ್ರೆ ಕೆಡುತ್ತೆ ಅನ್ನೋ ದೂರು ಬರೋದು ಇದಕ್ಕೇ.

ಪಿಕ್ಸೆಲ್_ಗೌಡ್ತಿ
ಟೀಚರ್, ಎರಡು ಕಾಲಿನ ಮನೆ ಇದೆಯಲ್ಲ, ಅದಕ್ಕೆ ಒಂದು ಮಾತು. ಮಗು ಎರಡೂ ಕಾಲು ಒಟ್ಟಿಗೆ ಊರಿದೆ ಅಂತ ಕಣ್ಣಿಗೆ ಕಂಡರೂ ಬಟನ್‌ಡೌನ್‌ಗಳು ಬೇರೆ ಬೇರೆ ಫ್ರೇಮಿನಲ್ಲಿ ಬರುತ್ತೆ. ಮೊದಲ ಚೌಕ ಬಂದ ಕೂಡಲೇ ತಪ್ಪು ಅಂತ ತೀರ್ಪು ಕೊಡಬೇಡಿ, 80 ಮಿಲಿಸೆಕೆಂಡ್ ಕಾದು ನೋಡಿ. ಸಂಪರ್ಕ ಅದುರೋದಕ್ಕೆ ಬೇರೆ ಲೆಕ್ಕ: ಫರ್ಮ್‌ವೇರ್‌ನಲ್ಲಿ 20 ಮಿಲಿಸೆಕೆಂಡ್ ಡಿಬೌನ್ಸ್ (ಅಷ್ಟು ಹೊತ್ತಿನ ಅದುರಾಟವನ್ನ ಲೆಕ್ಕಿಸದಿರೋದು) ಇಡಿ, ಫಾಯಿಲ್ ಸ್ವಿಚ್‌ಗಿಂತ ಹೆಚ್ಚು ಅದುರುತ್ತೆ.

ಕುಂಟೆಬಿಲ್ಲೆ_ಟೀಚರ್
ತುಂಬ ಉಪಕಾರ ಆಯ್ತು. ಇನ್ನೊಂದು ಕೇಳಿಬಿಡ್ತೀನಿ, ವಿಷಯ ಬೇರೆ. ಪರದೆಯಲ್ಲಿ ಮಕ್ಕಳ ಹೆಸರು ಕನ್ನಡದಲ್ಲಿ ಬರೆದ್ರೆ ಒತ್ತಕ್ಷರ ಬಿಡಿ ಬಿಡಿಯಾಗಿ ಕಾಣುತ್ತೆ.

ರತ್ನಗಿರಿ_ಬೋರೆ
ಅಕ್ಷರ ಜೋಡಿಸೋ ಕೆಲಸ ಹಾರ್ಫ್‌ಬಜ್ ಅನ್ನೋ ಲೈಬ್ರರಿಯದು. ಹೊಸ ಪೈಗೇಮ್‌ನಲ್ಲಿ ಫಾಂಟ್ ಆಬ್ಜೆಕ್ಟ್‌ಗೆ ಸೆಟ್_ಸ್ಕ್ರಿಪ್ಟ್ ಇದೆ, ಅದಕ್ಕೆ ಕನ್ನಡ ಲಿಪಿಯ ಸಂಕೇತ ಕೊಡಿ: ಕೆ, ಎನ್, ಡಿ, ಎ, ಮೊದಲನೇದು ದೊಡ್ಡಕ್ಷರ. ಫಾಂಟ್ ನೋಟೊ ಸಾನ್ಸ್ ಕನ್ನಡ ಇರಲಿ. ಅದಾದ್ರೂ ಒಡೆದ್ರೆ ನಿಮ್ಮ ಪೈಗೇಮ್‌ಗೆ ಹಾರ್ಫ್‌ಬಜ್ ಸೇರಿಸಿಲ್ಲ ಅಂತ ಅರ್ಥ, ಆಗ ಹೆಸರುಗಳನ್ನ ಬೇರೆ ಕಡೆ ಚಿತ್ರ ಮಾಡ್ಕೊಂಡು ತೋರಿಸಿ.

ಕುಂಟೆಬಿಲ್ಲೆ_ಟೀಚರ್
ಎರಡು ಮ್ಯಾಟ್ ಒಟ್ಟಿಗೆ ಹಾಕಿದ್ರೆ ಯಾವುದು ಯಾವ ತಂಡದ್ದು ಅಂತ ಹೇಗೆ ತಿಳಿಯೋದು? ಎರಡರ ಹೆಸರೂ ಜಿಯುಐಡಿಯೂ ಒಂದೇ ತೋರಿಸ್ತಿದೆ.

ಟರ್ಮಿನಲ್_ಭಟ್ಟ
ಒಂದೇ ಮಾದರಿ ಬೋರ್ಡ್ ಆದ್ರೆ ಜಿಯುಐಡಿ ಒಂದೇ ಇರುತ್ತೆ, ಅದು ಮಾದರಿಯ ಗುರುತು ಅಷ್ಟೇ. ಸಿಕ್ಕಿಸಿದ ಕ್ರಮ ನಂಬೋಕಾಗಲ್ಲ, ರೀಸ್ಟಾರ್ಟ್ ಆದ್ರೆ ಅದಲು ಬದಲಾಗಬಹುದು. ಶುರುವಿನಲ್ಲಿ «ಎಡಗಡೆ ತಂಡ ಒಂದನೇ ಮನೆ ತುಳೀರಿ» ಅಂತ ತೋರಿಸಿ, ಆ ಬಟನ್‌ಡೌನ್‌ನಲ್ಲಿ ಬಂದ ಇನ್‌ಸ್ಟೆನ್ಸ್_ಐಡಿ ಎಡಗಡೆಗೆ ಬರೆದಿಡಿ. ಎಲ್ಲ ಓಎಸ್‌ನಲ್ಲೂ ಕೆಲಸ ಮಾಡೋದು ಇದೊಂದೇ.

ಹೇಮಾವತಿ_ದಡ
ಆರ್‌ಡಿಎಂ6300 ಬಂತು, ಕಾರ್ಡ್ ಓದ್ತಿದೆ, ಮೆನು ತೆರೆಯೋ ಕಾಟ ಹೋಯ್ತು. ಒಂದು ಹೊಸದು: ವಿಂಡೋಸ್‌ನಲ್ಲಿ ಯಾವುದಾದ್ರೂ ನೋಟಿಫಿಕೇಶನ್ ಮುಂದೆ ಬಂದ್ರೆ ಸ್ಟೀರಿಂಗ್ ಸತ್ತ ಹಾಗಾಗುತ್ತೆ. ಆಟ ಓಡ್ತಾ ಇರುತ್ತೆ, ಸ್ಟೀರಿಂಗ್ ಮಧ್ಯಕ್ಕೆ ತಂದ್ರೆ ಮಾತ್ರ ತಗೊಳ್ಳುತ್ತೆ, ಪಕ್ಕಕ್ಕೆ ತಿರುಗಿಸಿದ್ರೆ ಇಲ್ಲ.

ಪಿಕ್ಸೆಲ್_ಗೌಡ್ತಿ
ವಿಂಡೋ ಫೋಕಸ್ ಕಳ್ಕೊಂಡಿದೆ. ಫೋಕಸ್ ಇಲ್ಲದಾಗ ಎಸ್‌ಡಿಎಲ್ ಜಾಯ್‌ಸ್ಟಿಕ್ ಈವೆಂಟ್ ಬಿಡಲ್ಲ, ಮಧ್ಯಕ್ಕೆ ಮರಳೋದನ್ನ ಮಾತ್ರ ಬಿಡುತ್ತೆ, ಬಟನ್ ಒತ್ತಿದ ಹಾಗೇ ಸಿಕ್ಕಿಕೊಳ್ಳಬಾರದು ಅಂತ. ಎಸ್‌ಡಿಎಲ್_ಜಾಯ್‌ಸ್ಟಿಕ್_ಅಲೋ_ಬ್ಯಾಕ್‌ಗ್ರೌಂಡ್_ಈವೆಂಟ್ಸ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ. ಪೈಗೇಮ್‌ನ ಇನಿಟ್ ಕರೆಯೋಕೆ ಮುಂಚೆ ಕೊಡಬೇಕು, ಆಮೇಲೆ ಕೊಟ್ರೆ ಕೇಳಲ್ಲ. ನೋಟಿಫಿಕೇಶನ್‌ಗಳನ್ನೂ ಆಫ್ ಮಾಡಿಬಿಡಿ.

ಹೇಮಾವತಿ_ದಡ
ಇನಿಟ್‌ಗೆ ಮುಂಚೆ ಹಾಕಿದೆ, ಈಗ ಫೋಕಸ್ ಹೋದ್ರೂ ತಿರುಗುತ್ತೆ. ಮ್ಯಾಗ್ನೆಟ್ ಸೆನ್ಸರ್ ಕೂರಿಸಿದ ಮೇಲೆ ಅದರ ಅಂಕಿಗಳನ್ನ ಇಲ್ಲೇ ಹಾಕ್ತೀನಿ.

ಬೆಸುಗೆಕಡ್ಡಿ
ಹಾಕಿ ಅಣ್ಣ. ಕೂರಿಸೋವಾಗ ಸೆನ್ಸರ್‌ನ ಡಿಐಆರ್ ಪಿನ್ ತೇಲೋಕೆ ಬಿಡಬೇಡಿ, ಗ್ರೌಂಡ್‌ಗೆ ಕಟ್ಟಿ. ಇಲ್ಲದಿದ್ರೆ ಎಡ ಯಾವುದು ಬಲ ಯಾವುದು ಅಂತ ಅದಕ್ಕೇ ನಿಶ್ಚಯ ಇರಲ್ಲ.